ಎಡಗಡೆಯ ಬುಶ್

2025ರ ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ 1.20ಕ್ಕೆ ಕೊಲ್ಹಾಪುರದ ಶಿರೋಲಿ ಕೈಗಾರಿಕಾ ವಸಾಹತಿನ ಪೊಲೀಸ್ ಠಾಣೆಗೆ ವಸಂತ ಕುರಣೆ ಎಂಬಾತ ಬಂದ. ಅವನ ಅಂಗಿಯ ತೋಳಿಗೆ ಸುಟ್ಟಗಾಯದ ಮುಲಾಮು ಮೆತ್ತಿಕೊಂಡಿತ್ತು. ಗಾಯ ಅವನದಲ್ಲ, ತಮ್ಮ ಉತ್ತಮನದು.

ಭೂಪಾಲ ಉಪಾಧ್ಯೆಯವರ ಫೌಂಡ್ರಿಯಲ್ಲಿ ಅಂದು ಬೆಳಿಗ್ಗೆ 11.05ಕ್ಕೆ ಕ್ರೇನಿಗೆ ತೂಗುಬಿದ್ದಿದ್ದ ಲೇಡಲ್, ಅಂದರೆ ಕರಗಿದ ಕಬ್ಬಿಣ ಹೊರುವ ದೊಡ್ಡ ಬಕೀಟು, ತಾನಾಗಿಯೇ ವಾಲಿತ್ತು. ಅಚ್ಚಿಗೆ ಕಬ್ಬಿಣ ಸುರಿಯಲು ನಿಂತಿದ್ದ ಉತ್ತಮ ಹಿಂದಕ್ಕೆ ಹಾರಿದ್ದ. ಆದರೂ ಬಲಗಾಲು ಮೊಣಕಾಲಿನವರೆಗೆ ಬೆಂದುಹೋಗಿತ್ತು.

"ಅಲ್ಲಿ ಒಬ್ಬಾಕಿ ಅದಾಳ್ರಿ, ಅಕ್ಕಾತಾಯಿ ಲೋಹಾರ್ ಅಂತ," ವಸಂತ ಹೇಳಿದ. "ಯಾವ ಯಂತ್ರಕ್ಕ ಯಾವ ಬುಶ್ ಅಂತ ತೀರ್ಮಾನ ಮಾಡಾಕಿ ಆಕಿನ. ಲೇಡಲ್‌ಗೆ ವೈಟ್‌ಮೆಟಲ್ ಬುಶ್ ಹಾಕ್ಯಾಳ. ಬರಕೋರಿ ಸಾಹೇಬ್ರ, ನನ್ನ ತಮ್ಮನ ಕಾಲು ಸುಟ್ಟಾಕಿ ಆಕಿ."

ಹವಾಲ್ದಾರ ವೈಜಯಂತಾ ಚೌಗುಲೆ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಳು. ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ ತೋರಿ ತೀವ್ರ ಗಾಯ ಮಾಡಿದ್ದಕ್ಕಾಗಿ ಅಕ್ಕಾತಾಯಿಯ ಮೇಲೆ 2.05ಕ್ಕೆ ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಸರ್ಜೇರಾವ್ ಮಗದೂಮ್ ಮತ್ತು ವೈಜಯಂತಾ 2.50ಕ್ಕೆ ಫೌಂಡ್ರಿ ಮುಟ್ಟಿದರು. ನೆಲದ ಮೇಲೆ ಚೆಲ್ಲಿದ ಕಬ್ಬಿಣ ಕಪ್ಪಾಗಿ ಹೆಪ್ಪುಗಟ್ಟಿತ್ತು. ಅದರ ಅಂಚಿನಲ್ಲಿ ಉತ್ತಮನ ಒಂದು ಬೂಟು ಬಿದ್ದಿತ್ತು. ಅವಘಡವಾದ ಕೂಡಲೇ ಮಾಲಕರು ಲೇಡಲ್ ಸುತ್ತ ಹಗ್ಗ ಕಟ್ಟಿಸಿ ವಾಚ್‌ಮನ್‌ನನ್ನು ಕಾವಲು ನಿಲ್ಲಿಸಿದ್ದರು. ಯಾರೂ ಅದನ್ನು ಮುಟ್ಟಿರಲಿಲ್ಲ.

ಲೇಡಲ್‌ನ ಎರಡೂ ಬದಿಗೆ ತೋಳಿನಷ್ಟು ದಪ್ಪದ ಒಂದೊಂದು ಪಿನ್ನು. ಆ ಪಿನ್ನುಗಳು ತಿರುಗುವುದು ಬುಶ್‌ನೊಳಗೆ, ಅಂದರೆ ಬಳೆಯಂಥ ಲೋಹದ ಕೊಳವೆಯೊಳಗೆ. ಇಬ್ಬರು ಪಂಚರ ಎದುರು 3.40ಕ್ಕೆ ಎಡಗಡೆಯ ಮುಚ್ಚಳ ಬಿಚ್ಚಿಸಲಾಯಿತು. ಬುಶ್‌ನ ಹೊರಮೈ ಹಳದಿ, ಒಳಮೈ ಖಾಲಿ. ಮುಚ್ಚಳದ ಒಳಗೆ, ಕೆಳಗಿನ ಚೌಕಟ್ಟಿನ ಮೇಲೆ, ಬೆಳ್ಳಿಯ ಬಣ್ಣದ ಹನಿಗಳು ಮೇಣದಂತೆ ಇಳಿದು ಗಟ್ಟಿಯಾಗಿದ್ದವು.

ವೈಜಯಂತಾ ಅಕ್ಕಾತಾಯಿಯನ್ನು ಕರೆತಂದಳು. ಮೂವತ್ತಾರರ ಹೆಂಗಸು. ನೀಲಿ ಕೋಟಿನ ಜೇಬಿನಲ್ಲಿ ಅಳತೆಯ ಕ್ಯಾಲಿಪರ್ ಇತ್ತು. ಹನಿಗಳ ಹತ್ತಿರಕ್ಕೆ ಬಗ್ಗಿ ನೋಡಿದಳು.

"ಏನಿದು?" ಮಗದೂಮ್ ಕೇಳಿದ.

"ವೈಟ್‌ಮೆಟಲ್ ಸಾಹೇಬ್ರ. ಹೊರಗ ಗನ್‌ಮೆಟಲ್ ಚಿಪ್ಪು, ಒಳಗ ವೈಟ್‌ಮೆಟಲ್ ಪದರ. ಇಲ್ಲಿ ಇದನ್ನ ಯಾರೂ ಹಾಕೂದಿಲ್ಲ."

"ಯಾಕ?"

"ಇದು ಮೆತ್ತನ್ನ ಲೋಹರಿ. ಬ್ಲೋವರ್‌ನಂಥಾ ಜೋರಾಗಿ ತಿರುಗೂ ಯಂತ್ರಕ್ಕ ಬಂಗಾರದಂಥಾದ್ದು, ಆದ್ರ ಒಳಗ ಎಣ್ಣಿ ಸದಾ ಹರೀತಿರಬೇಕು, ತಂಪಿರಬೇಕು. ಹಪ್ಪಳ ಕರಿಯೂ ಎಣ್ಣಿ ಕಾವಿಗಿ ಇದು ಸೋತು ಹೋಗ್ತದ. ಲೇಡಲ್ ಪಿನ್ನು ಅದಕ್ಕಿಂತ ಬಿಸಿ ಆಗ್ತದ."

"ಮತ್ತ ಇಲ್ಲಿ ಯಾವುದು ಬೇಕು?"

"ಗ್ರಾಫೈಟ್ ತುಂಬಿದ ಕಂಚಿಂದು. ಇಲ್ಲಿ ಎಣ್ಣಿ ಹಾಕಿದ್ರ ಸುಟ್ಟು ಹೋಗ್ತದ, ಗ್ರಾಫೈಟ್ ಸುಡೂದಿಲ್ಲ. ಕಬ್ಬಿನ ಗಾಣ ಸಾವಕಾಶ ತಿರುಗ್ತದ, ಆದ್ರ ಭಾರ ಆನಿಯಷ್ಟು, ಅದಕ್ಕ ಗಟ್ಟಿ ಕಂಚು. ಮನಿ ಫ್ಯಾನಿಗಿ ಎಣ್ಣಿ ಕುಡದ ಬುಶ್. ಬೋರ್‌ವೆಲ್ ಪಂಪಿಗಿ ರಬ್ಬರ್, ಉಸುಕು ಬಂದ್ರೂ ಜಾಡಿನಾಗ ಹಾದು ಹೋಗ್ತದ. ಭಾರ ಎಷ್ಟು, ವೇಗ ಎಷ್ಟು, ಕಾವು ಎಷ್ಟು, ಎಣ್ಣಿ ಮುಟ್ಟತದೋ ಇಲ್ಲೋ ಅಂತ ಕೇಳದ ನಾ ಯಾರಿಗೂ ಬುಶ್ ಹೇಳೂದಿಲ್ಲ."

"ಸ್ಟೋರ್ ರಿಜಿಸ್ಟರ್‌ನಾಗ ನಿಮ್ಮ ಸಹಿ ಅದ."

"ಅದರಿ. ಎರಡು ಕಂಚಿನ ಬುಶ್‌ಗೆ. ನಿನ್ನೆ ರಜಾದಾಗ ಬಂದು ನನ್ನ ಕೈಯಾರೆ ಹಾಕೀನಿ. ಬಲಗಡಿದು ಬಿಚ್ಚಿ ನೋಡ್ರಿ."

ಬಲಗಡೆಯದನ್ನೂ ಬಿಚ್ಚಿಸಿದರು. ಗಟ್ಟಿ ಕಂಚಿನ ಬುಶ್. ಒಳಮೈ ತುಂಬ ಗ್ರಾಫೈಟಿನ ಕಪ್ಪು ಬೊಟ್ಟುಗಳು. ಒಂದು ಗೀರೂ ಬಿದ್ದಿರಲಿಲ್ಲ. ಪಂಚನಾಮೆ ಮುಗಿದಾಗ 4.35.

ಗೇಟಿನ ಪುಸ್ತಕದ ಪ್ರಕಾರ ಸೋಮವಾರದ ರಜೆಯಲ್ಲಿ ಇಬ್ಬರು ಒಳಗೆ ಬಂದಿದ್ದರು. ಅಕ್ಕಾತಾಯಿ 9ರಿಂದ 11.30. ಹಿರಿಯ ಫಿಟ್ಟರ್ ರಂಗರಾವ್ ಸುತಾರ 12.15ರಿಂದ 3.50.

"ಲೇಥ್ ಬೆಲ್ಟ್ ಹರದಿತ್ತು ಸಾಹೇಬ್ರ, ಹಾಕಾಕ ಬಂದಿದ್ದೆ," ಎಂದ ರಂಗರಾವ್. ಐವತ್ನಾಲ್ಕರ ವಯಸ್ಸು, ಬೋಳಿಸಿದ ಗಡ್ಡ, ಇಸ್ತ್ರಿ ಮಾಡಿದ ಖಾಕಿ. ಬೆಲ್ಟ್ ನಿಜವಾಗಿಯೂ ಹೊಸದಾಗಿತ್ತು.

ಮರುದಿನ, ಬುಧವಾರ ಬೆಳಿಗ್ಗೆ, ಅಕ್ಕಾತಾಯಿಯನ್ನು ಬಂಧಿಸಬೇಕೋ ಬೇಡವೋ ಎಂಬ ಮಾತು ಬಂತು. ಊರಿನ ಪತ್ರಿಕೆಯಲ್ಲಿ ಅವಳ ಹೆಸರು ಅಚ್ಚಾಗಿತ್ತು. ಫೌಂಡ್ರಿಯ ಚಹದ ಅಂಗಡಿಯಲ್ಲಿ ವೈಜಯಂತಾ ಕೇಳಿಸಿಕೊಂಡ ಮಾತುಗಳು ಬೇರೆ: "ಬಳಿ ತೊಡೂ ಕೈಗೆ ಬುಶ್ ಕೊಟ್ರ ಇನ್ನೇನಾಗ್ತದ?" "ಮಾಲಕರು ತಲಿ ಮ್ಯಾಲೆ ಕೂರಿಸಿದ್ರಲ್ಲ, ಅನುಭವಿಸ್ಲಿ."

ಮಗದೂಮ್ ಬಂಧನದ ಕಾಗದ ಬರೆಯುವ ಮೊದಲು ಎಫ್‌ಐಆರ್ ಅನ್ನು ಇನ್ನೊಮ್ಮೆ ಓದಿದ. ಎರಡನೆಯ ಸಲ ಓದುವಾಗ ಒಂದು ಶಬ್ದದ ಮೇಲೆ ಬೆರಳಿಟ್ಟು ನಿಂತ.

"ಚೌಗುಲೆ, ಮುಚ್ಚಳ ಬಿಚ್ಚಿದ್ದು ಎಷ್ಟಕ್ಕ?"

"ಮೂರೂ ನಲವತ್ತಕ್ಕ ಸರ್."

"ವಸಂತ ದೂರು ಕೊಟ್ಟಿದ್ದು ಒಂದೂ ಇಪ್ಪತ್ತಕ್ಕ. ಅದರಾಗ ವೈಟ್‌ಮೆಟಲ್ ಅಂತ ಅದ."

ವೈಜಯಂತಾ ಆಗಲೇ ಫೋನ್ ಹಚ್ಚಿದ್ದಳು. ವಸಂತ ಆಸ್ಪತ್ರೆಯಲ್ಲಿದ್ದ. ಉತ್ತಮನ ಕಾಲಿನ ಮೂರು ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಅಂದಿದ್ದರಂತೆ.

"ವಸಂತ, ವೈಟ್‌ಮೆಟಲ್ ಅನ್ನೂ ಮಾತು ನಿಮಗ ಯಾರು ಹೇಳಿದ್ರು?"

"ಅಲ್ಲೆ ಎಲ್ಲಾರೂ ಅಂತಿದ್ರರಿ."

"ಎಲ್ಲಾರೂ ಬ್ಯಾಡ. ಮೊದಲು ಯಾರು?"

"ರಂಗೂ ಮಾಮಾ. ಉತ್ತಮನ್ನ ಆಸ್ಪತ್ರಿಗೆ ಅವರ ಕರಕೊಂಡು ಬಂದ್ರು. ಹನ್ನೆರಡೂವರಿ ಇರಬೇಕು. ‘ಆಕಿ ವೈಟ್‌ಮೆಟಲ್ ಹಾಕ್ಯಾಳ, ಠಾಣೆಕ್ಕ ಹೋಗು’ ಅಂದ್ರು."

ಬುಧವಾರ 11.30ಕ್ಕೆ ರಂಗರಾವ್ ಬೆಲ್ಟ್ ಹಾಕಿದ್ದ ಮೂರನೆಯ ಲೇಥ್‌ನ, ಅಂದರೆ ಲೋಹ ಕೊರೆಯುವ ಯಂತ್ರದ, ಕೆಳಗಿನ ತಟ್ಟೆಯನ್ನು ಪಂಚರ ಎದುರು ಸೋಸಿದರು. ಕಬ್ಬಿಣದ ಚೂರುಗಳ ನಡುವೆ ಬೆಳ್ಳಿಬಣ್ಣದ ಸಣ್ಣ ಸುರುಳಿಗಳು ಸಿಕ್ಕವು. ಸ್ಟೋರಿನಲ್ಲಿ ಬ್ಲೋವರ್‌ನ ಹಳೆಯ ವೈಟ್‌ಮೆಟಲ್ ಬುಶ್ ಒಂದು ಕಡಿಮೆಯಿತ್ತು. ಅದರ ಹೊರ ಅಳತೆ ಲೇಡಲ್‌ನದಕ್ಕೆ ಸರಿ; ಒಳಗಿನ ತೂತು ಮಾತ್ರ ಸಣ್ಣದು, ಲೇಥ್‌ನಲ್ಲಿ ಕೊರೆದು ಹಿಗ್ಗಿಸಬೇಕು. ಸುರುಳಿಗಳನ್ನೂ ಚೌಕಟ್ಟಿನ ಹನಿಗಳನ್ನೂ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು.

ಗುರುವಾರ ಬೆಳಿಗ್ಗೆ 10ಕ್ಕೆ ರಂಗರಾವ್‌ನನ್ನು ಠಾಣೆಗೆ ಕರೆಸಲಾಯಿತು.

"ಕೆಲಸಕ್ಕ ಯಾವಾಗ ಸೇರಿದ್ರಿ?"

"ಇಪ್ಪತ್ತಾರು, ಇಪ್ಪತ್ತೇಳು ವರ್ಷ ಆತು. ಸರಿಯಾಗಿ ನೆನಪಿಲ್ರಿ."

"ಅಕ್ಕಾತಾಯಿ ಯಾವಾಗ ಸೇರಿದ್ರು?"

"ಎರಡು ಸಾವಿರದ ಹದಿನಾರು, ಜೂನ್ ಆರು, ಸೋಮವಾರ. ಮಾಲಕರು ಆ ವರ್ಷದಿಂದ ಸೋಮವಾರ ರಜಾ ಮಾಡಿದ್ರು ನೋಡ್ರಿ, ಅದಕ್ಕಿಂತ ಮೊದಲ. ಬುಶ್ ತೀರ್ಮಾನ ಮಾಡೂ ಮೇಜು ಆಕಿಗೆ ಕೊಟ್ಟಿದ್ದು ಇಪ್ಪತ್ಮೂರರ ದಸರಾಕ್ಕ. ಕುರ್ಚಿ ಹೊಸಾದು ತರಿಸಿದ್ರು. ಫ್ಯಾನೂ ಹಾಕಿಸಿದ್ರು."

ಮಗದೂಮ್ ಪೆನ್ನು ಕೆಳಗಿಟ್ಟ. ತನ್ನ ಕೈಕೆಳಗೆ ಕಲಿತ ಹುಡುಗನೊಬ್ಬ ಈಗ ಜಿಲ್ಲಾ ಅಪರಾಧ ವಿಭಾಗದಲ್ಲಿದ್ದ. ಅವನಿಗೆ ಬಡ್ತಿಯ ಆರ್ಡರ್ ಬಂದ ತಾರೀಕು, ಅಂದು ಅವನು ಹಂಚಿದ ಪೇಢೆಯ ಅಂಗಡಿ ಕೂಡ ಮಗದೂಮ್‌ಗೆ ನೆನಪಿತ್ತು. ತನ್ನದೇ ಮದುವೆಯ ತಾರೀಕನ್ನು ಹೆಂಡತಿ ಜ್ಞಾಪಿಸಬೇಕಾಗುತ್ತಿತ್ತು.

"ಮಂಗಳವಾರ ಹನ್ನೆರಡೂವರಿಗೆ ಒಳಗ ವೈಟ್‌ಮೆಟಲ್ ಐತಿ ಅಂತ ನಿಮಗ ಹೆಂಗ ಗೊತ್ತಾತು?"

"ಅಂದಾಜು."

"ನಾವು ಮುಚ್ಚಳ ಬಿಚ್ಚಿದ್ದು ಮೂರೂ ನಲವತ್ತಕ್ಕ."

ರಂಗರಾವ್ ಅಂಗಿಯ ತೋಳಿನ ಇಸ್ತ್ರಿ ಗೆರೆ ಸರಿಮಾಡಿಕೊಂಡ.

"ಆ ಕಂಚಿನ ಬುಶ್ ಎಲ್ಲಿ?"

ಅವನು ಮತ್ತೆ ಅದೇ ಗೆರೆಯ ಮೇಲೆ ಬೆರಳಾಡಿಸಿದ.

ಮಧ್ಯಾಹ್ನ 2.10ಕ್ಕೆ ನಾಗಾವ್‌ನಲ್ಲಿ ಅವನ ಮನೆಯ ಶೋಧ ನಡೆಯಿತು. ಅವನ ಹೆಂಡತಿ ಬಾಗಿಲಲ್ಲೇ ನಿಂತು, "ಎದಕ್ಕ ಬಂದೀರಿ? ನಮ್ಮವರು ಒಂದು ಮೊಳಿ ಸುದ್ದಾ ಕಾರ್ಖಾನಿಯಿಂದ ತಂದವರಲ್ಲ," ಎಂದಳು. ಅವಳು ಸುಳ್ಳಾಡುತ್ತಿರಲಿಲ್ಲ, ಅವಳಿಗೆ ಗೊತ್ತಿರಲಿಲ್ಲ. ಉಪಕರಣಗಳ ಪೆಟ್ಟಿಗೆಯ ತಳದಲ್ಲಿ, ಹಳೆಯ ಧೋತರದಲ್ಲಿ ಸುತ್ತಿ, ತುಕ್ಕು ಹಿಡಿಯದ ಆ ಲೋಹಕ್ಕೂ ಗ್ರೀಸ್ ಸವರಿ, ಬುಶ್ ಇಟ್ಟಿತ್ತು. ಅಂಚಿನಲ್ಲಿ ಅಕ್ಕಾತಾಯಿ ಕೊರೆದ ತಯಾರಿಕೆಯ ತಾರೀಕು ಮತ್ತು ಬದಿ: 8/2, ಎಡ.

ಸಂಜೆ 4.15ಕ್ಕೆ ರಂಗರಾವ್ ಸುತಾರನನ್ನು ಬಂಧಿಸಲಾಯಿತು. ಎಫ್‌ಐಆರ್‌ನಲ್ಲಿ ಅಕ್ಕಾತಾಯಿಯ ಹೆಸರು ತೆಗೆದು, ಗೊತ್ತಿದ್ದೂ ಪ್ರಾಣಕ್ಕೆ ಅಪಾಯ ತಂದ ಅಪರಾಧವನ್ನು ಸೇರಿಸಲು ಕೋರ್ಟಿಗೆ ವರದಿ ಹೋಯಿತು.

ಮೇಜಿನ ಮೇಲಿನ ಬುಶ್ ನೋಡಿದ ಮೇಲೆ ಅವನು ಬಾಯಿ ಬಿಟ್ಟ.

"ಎಸೀಬೇಕಿತ್ತಲ್ಲ ಮಾಮಾ," ವೈಜಯಂತಾ ಅಂದಳು. "ನದಿ ಹತ್ರಾನ ಐತಿ."

"ಮನಸ್ಸು ಬರಲಿಲ್ಲ ತಂಗಿ. ಒಳ್ಳೇ ಕೆಲಸ. ಇಂಚಿಗೊಂದು ಥೌ, ಅಂದ್ರ ಇಂಚಿನ ಸಾವಿರದಾಗೊಂದು ಪಾಲು, ಸಂದು ಬಿಟ್ಟಾಳ, ಕೂದಲೆಳಿ ಹೆಚ್ಚಿಲ್ಲ, ಕಮ್ಮಿಲ್ಲ."

"ಉತ್ತಮನ ಕಾಲು?" ಮಗದೂಮ್ ಕೇಳಿದ.

"ಅದು ಆಗಬಾರದಿತ್ರಿ. ದಿನಾ ಬೆಳಿಗ್ಗೆ ಖಾಲಿ ಲೇಡಲ್‌ನ ಬರ್ನರ್ ಮ್ಯಾಲೆ ಎರಡು ತಾಸು ಕಾಸ್ತಾರ. ಆವಾಗನ ಬುಶ್ ಸೋತು ಪಿನ್ನು ಕೆಳಗ ಕೂಡ್ತದ, ಎಲ್ಲಾರೂ ನೋಡ್ತಾರ, ಆಕಿ ಮಾರಿ ಸಣ್ಣದಾಗ್ತದ ಅಂತ ಲೆಕ್ಕ ಹಾಕಿದ್ದೆ. ಅವತ್ತ ಗ್ಯಾಸ್ ಮುಗೀಲಿಕ್ಕೆ ಬಂದಿತ್ತು. ಇಪ್ಪತ್ತು ನಿಮಿಷ ಕಾಸಿ ಎತ್ತಿದ್ರು."

"ನೀವು ಅಲ್ಲೇ ಇದ್ರಿ."

"ಇದ್ದೆ."

"ಎತ್ತಬ್ಯಾಡ್ರಿ ಅನ್ನಬಹುದಿತ್ತು."

"ಬಾಯಿತನಕ ಬಂತ್ರಿ. ಅಂದ್ರ ನಾನಾ ಸಿಗತಿದ್ದೆ. ಮೊದಲನೇ ಅಚ್ಚು ತುಂಬಿತು. ಎರಡನೇದೂ ತುಂಬಿತು. ತಡೀತದೇನೋ ಅನಕೊಂಡೆ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಮೂರನೇದು ತಡೀಲಿಲ್ಲ."

ಹೊರಗಿನ ಬೆಂಚಿನಲ್ಲಿ ಅಕ್ಕಾತಾಯಿ ಕಾಯುತ್ತಿದ್ದಳು, ಹೇಳಿಕೆಗೆ ಸಹಿ ಹಾಕಲು. ತೆರೆದ ಬಾಗಿಲಿನಿಂದ ಅವಳ ನೀಲಿ ಕೋಟಿನ ತೋಳು ಕಾಣುತ್ತಿತ್ತು. ರಂಗರಾವ್ ಅತ್ತ ನೋಡಲಿಲ್ಲ.

"ಆಕಿಗೆ ಈ ವಿದ್ಯಾ ಕಲಿಸಿದವರು ಯಾರು?" ಮಗದೂಮ್ ಕೇಳಿದ.

"ನಾನಾ. ಬ್ಯಾರೆ ಯಾರು ಕಲಿಸ್ತಾರ? ಗಂಡ ಸತ್ತ ಮ್ಯಾಲೆ ಬಂದಾಕಿ, ಕ್ಯಾಲಿಪರ್ ಹಿಡೀಲಿಕ್ಕೂ ಬರತಿರಲಿಲ್ಲ. ಕೈ ಹಿಡದು ತೋರಿಸೀನಿ. ಹೋದ ದೀಪಾವಳಿ ಮುಂದ ಸಕ್ಕರಿ ಕಾರ್ಖಾನಿ ಎಂಜಿನಿಯರ್ ಒಬ್ಬರು ಬಂದಿದ್ರು. ಸವದ ಬುಶ್ ತಂದಿದ್ರು, ಯಾಕ ಸವೀತು ಅಂತ ಕೇಳಾಕ. ಬಾಗಲದಾಗ ನಾನಾ ಇದ್ದೆ. ಕೈ ಚಾಚಿದೆ. ಅವರು ನನ್ನ ದಾಟಿ ಹೋಗಿ ಆಕಿ ಕೈಯಾಗ ಇಟ್ರು."

"ಅಷ್ಟಕ್ಕ?"

"ಅಲ್ರಿ. ಅದನ್ನ ನುಂಗಿಕೊಂಡಿದ್ದೆ." ಅವನ ದನಿ ತಗ್ಗಿತು. "ಆಕಿ ಎದ್ದು ಬಂದಳು. ಎಲ್ಲಾರ ಮುಂದ ಆ ಬುಶ್ ನನ್ನ ಕೈಗೆ ಕೊಟ್ಟು, ‘ಮಾಮಾ, ಮೊದಲು ನೀವು ನೋಡ್ರಿ, ನಾ ನಿಮ್ಮಿಂದ ಕಲತಾಕಿ’ ಅಂದಳು. ನಾ ತಿರುವಿ ತಿರುವಿ ನೋಡಿದೆ. ಯಾಕ ಸವದೈತಿ ಅಂತ ನನಗ ತಿಳೀಲಿಲ್ಲ. ಆಕಿಗೆ ತಿಳದಿತ್ತು. ತಿಳದೂ ಸುಮ್ಮನ ನಿಂತಿದ್ದಳು, ನಾ ಹೇಳ್ಲಿ ಅಂತ."

ವೈಜಯಂತಾ ಬರೆಯುವುದನ್ನು ನಿಲ್ಲಿಸಿದ್ದಳು. ಮಗದೂಮ್ ಬರೆ ಎಂದು ಸನ್ನೆ ಮಾಡಿದ. 5.50ಕ್ಕೆ ಹೇಳಿಕೆ ಮುಗಿಯಿತು. ರಂಗರಾವ್ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ಓದಿ, ಕೆಳಗೆ ಸಹಿ ಹಾಕಿದ.