ನಾಲಗೆ ಮುಟ್ಟದ ಹೆಸರು

ಪಶ್ಚಿಮ ಸಮುದ್ರದ ನೊರೆಯನ್ನೇ ಪಾದಪೀಠವಾಗಿಸಿಕೊಂಡಿದ್ದ ಶಂಖತೀರ ನಗರದಲ್ಲಿ ಪ್ರಾತಃಕಾಲದಿಂದಲೇ ಜನಸಂದಣಿ. ಹರ್ಮುಜಿನ ಕುದುರೆಗಳು ನಾವೆಯಿಂದಿಳಿದು ಮರಳಿನಲ್ಲಿ ಹೊರಳುತ್ತಿದ್ದವು. ಮೆಣಸಿನ ಘಾಟಿಗೆ ದೋಣಿಯವರು ಸೀನುತ್ತಿದ್ದರು. ಬಸದಿಯ ಗಂಟೆ, ದೇಗುಲದ ನಗಾರಿ, ಮಸೀದಿಯ ಕರೆ ಒಂದರ ಬೆನ್ನಿಗೊಂದು ಏಳುತ್ತಿದ್ದವು. ಆದರೆ ಅಂದು ಯಾರ ಕಿವಿಯೂ ಅತ್ತ ಇರಲಿಲ್ಲ. ಆಸ್ಥಾನದಲ್ಲಿ ಓಬಯ್ಯ ಸೆಟ್ಟಿಯ ವಿಚಾರಣೆ ನಡೆದಿತ್ತು.

ಅವನ ನಿಜನಾಮ ಓಬದ್ಯ. ಯಹೂದ್ಯ ವರ್ತಕ, ಊರಿನ ಬಾಯಲ್ಲಿ ಓಬಯ್ಯನಾಗಿದ್ದ. ಗಂಡನನ್ನು ಕಳೆದುಕೊಂಡು ರಾಜ್ಯಭಾರ ಹೊತ್ತಿದ್ದ ಮಹಾರಾಣಿ ಚೆನ್ನಲದೇವಿಯ ಕಾವಲು ಪಡೆಗೆ ಕುದುರೆ ತರಿಸಿಕೊಡುತ್ತಿದ್ದವನು ಅವನೊಬ್ಬನೇ. ಅವನು ಬಿದ್ದರೆ ಸಿಂಹಾಸನಕ್ಕೂ ದಳವಾಯಿ ಗುಮ್ಮಟನಾಯಕನಿಗೂ ನಡುವೆ ಅಡ್ಡ ನಿಲ್ಲುವವರಿಲ್ಲ. ಇದು ಊರಿಗೆಲ್ಲ ತಿಳಿದಿತ್ತು. ದಳವಾಯಿಯ ಸಂಚಿಗೆ ಸಾಕ್ಷ್ಯ ಮಾತ್ರ ಯಾರಲ್ಲೂ ಇರಲಿಲ್ಲ.

ಸಾಕ್ಷ್ಯವಿಲ್ಲದ್ದನ್ನು ನಂಬುವವನಲ್ಲ ಧರ್ಮಾಧಿಕಾರಿ ಸೋವರಸ. ಶಾಸನದಲ್ಲಿ ಏನು ಬರೆದಿದೆಯೋ ಅದೇ ನ್ಯಾಯ, ಮುಖದಲ್ಲಿ ಏನು ಕಾಣುತ್ತದೆಯೋ ಅದೇ ಮನುಷ್ಯ ಎಂದು ನಂಬಿ ತಲೆ ನರೆಸಿಕೊಂಡವನು. ಓಬದ್ಯನ ಮುಖದಲ್ಲಿ ಅವನಿಗೆ ವ್ಯಾಪಾರವಲ್ಲದೆ ಬೇರೇನೂ ಎಂದೂ ಕಂಡಿರಲಿಲ್ಲ.

ಸಭೆಯ ನಡುವೆ ಮಣೆಯ ಮೇಲೆ ತೊಗಲಿನ ಸುರುಳಿಯೊಂದು ಬಿಚ್ಚಿಕೊಂಡಿತ್ತು.

"ಇವನ ನಾವೆಯಲ್ಲಿ ಸಿಕ್ಕಿದ್ದು," ಎಂದನು ದಳವಾಯಿ. "ಕಾಗುಣಿತವೇ ಇಲ್ಲದ ಬರಹ! ಇದನ್ನು ಏನೆಂದು ಬೇಕಾದರೂ ಓದಬಹುದು. ಶತ್ರುವಿಗೆ ಕಳುಹಿಸುವ ಗೂಢಲಿಪಿಯಲ್ಲದೆ ಮತ್ತೇನು?"

"ಇದು ನಮ್ಮ ವೇದ, ತೋರಾ," ಎಂದನು ಓಬದ್ಯ. "ವ್ಯಂಜನಗಳನ್ನಷ್ಟೇ ಬರೆಯುತ್ತೇವೆ ಸ್ವಾಮಿ. ಸ್ವರವನ್ನು ಓದುವವನ ಉಸಿರು ತುಂಬಬೇಕು. ಬಾವಿಗೆ ಬಗ್ಗಿ ನೋಡಿದವನಿಗೆ ತನ್ನ ಮುಖ ಕಾಣುತ್ತದೆ. ಕೊಡ ಇಳಿಸಿದವನಿಗೆ ನೀರು ಸಿಗುತ್ತದೆ."

"ಸೆಟ್ಟಿ ನೀರನ್ನೂ ಮಾರಲು ಹೊರಟ!" ಎಂದು ದಳವಾಯಿಯ ಕಡೆಯವನೊಬ್ಬ ಕುಟುಕಿದನು. ಸಭೆ ನಕ್ಕಿತು. ಸೋವರಸ ನಗಲಿಲ್ಲ.

"ಸತ್ಯಪ್ರಮಾಣ ಮಾಡಿ ಓದು," ಎಂದನು.

ಓಬದ್ಯ ಓದಿದನು. ಆ ಲಿಪಿ ಬಲ್ಲ ದುಭಾಷಿಯೊಬ್ಬ ಪಕ್ಕದಲ್ಲಿ ನಿಂತು ಅಕ್ಷರದ ಮೇಲೆ ಕಣ್ಣಿಟ್ಟಿದ್ದನು. ಸ್ವಲ್ಪ ಹೊತ್ತಿಗೆ ಅವನು ಕೈಯೆತ್ತಿದನು.

"ಒಡೆಯರು ಮನ್ನಿಸಬೇಕು. ಉಳಿದದ್ದೆಲ್ಲ ಸರಿಯಾಗಿದೆ, ಧರ್ಮದ ಮಾತೇ ಹೌದು. ಆದರೆ ಒಂದು ಪದ ಬಂದಾಗಲೆಲ್ಲ ಬರೆದದ್ದೊಂದು, ಇವನು ಓದುವುದೊಂದು."

"ಕೇಳಿದಿರಾ!" ದಳವಾಯಿ ಎದ್ದು ನಿಂತನು. "ಪ್ರಮಾಣ ಮಾಡಿ ಸುಳ್ಳು ಓದಿದವನ ನಾಲಗೆ ಕತ್ತರಿಸಬೇಕೆಂದು ಶಾಸನವಿದೆ. ಧರ್ಮಾಧಿಕಾರಿಗಳಿಗೆ ನಾವು ನೆನಪಿಸಬೇಕಾಗಿಲ್ಲವಷ್ಟೆ?"

"ಓಬದ್ಯ, ಆ ಪದವನ್ನು ಬರೆದಂತೆಯೇ ಓದು. ಬದುಕಿಕೊಳ್ಳುವೆ," ಎಂದನು ಸೋವರಸ.

"ಆಗದು ಸ್ವಾಮಿ. ಅದು ದೇವರ ಹೆಸರು. ಕಣ್ಣು ಅದನ್ನು ನೋಡುತ್ತದೆ, ಬಾಯಿ 'ಒಡೆಯ' ಎನ್ನುತ್ತದೆ. ನಾಲಗೆ ಹೋದರೆ ಹೋಗಲಿ."

ವ್ಯಾಪಾರಿಯೊಬ್ಬ ಇಷ್ಟು ನಷ್ಟದ ಮಾತಾಡುವುದುಂಟೆ? ಸೋವರಸನಿಗೆ ಮೊದಲ ಬಾರಿಗೆ ತನ್ನ ಓದಿನ ಮೇಲೆಯೇ ಸಂಶಯ ಬಂದಿತು. ತೀರ್ಪನ್ನು ಅಪರಾಹ್ಣಕ್ಕೆ ಮುಂದೂಡಿ ಮನೆಗೆ ನಡೆದನು.

ಹೆಂಡತಿ ನಾಗಲೆ ಎಲೆ ಹಾಕಿದಳು. ಮಾತು ಕಡಿಮೆಯ ಹೆಂಗಸು. ಬರೆಯದ ಓಲೆ ಎಂದೇ ಅವನು ಅವಳನ್ನು ಭಾವಿಸಿದ್ದನು. ಹಿತ್ತಿಲ ಬಾಗಿಲಲ್ಲಿ ಕೆಲಸದವಳು ಏನೋ ಕೇಳಿದಳು. "ಮೆಲ್ಲಗೆ ಮಾತಾಡೇ, ಇವರು ಊಟಕ್ಕೆ ಕೂತಿದ್ದಾರೆ," ಎಂದಳು ನಾಗಲೆ.

ಸೋವರಸನ ಕೈ ತುತ್ತಿನಲ್ಲೇ ನಿಂತಿತು.

"ನಾಗಲೆ, ನನ್ನ ಹೆಸರೇನು?"

ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. "ಇದೇನು ಪ್ರಶ್ನೆ! ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ."

"ನಿನಗೆ ಗೊತ್ತಿಲ್ಲವೇನೋ."

"ಗೊತ್ತಿಲ್ಲದೆ ಏನು?" ಅವಳು ಸಾರಿನ ಪಾತ್ರೆಯತ್ತ ತಿರುಗಿಕೊಂಡಳು. "ಒಳಗೊಳಗೆ ದಿನವೂ ಹೇಳಿಕೊಳ್ಳುತ್ತೇನೆ. ನೀವು ರಾಜಕಾರ್ಯಕ್ಕೆಂದು ಗಡಿ ದಾಟಿದಾಗಲಂತೂ ಅದೇ ನನ್ನ ಜಪ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವನು ಈ ಹೆಂಗಸಿನ ಒಂದು ಪುಟವನ್ನೂ ಓದಿರಲಿಲ್ಲ. ಎದ್ದು ಕೈ ತೊಳೆದನು.

ಏನು ಮಾಡಬೇಕೆಂಬುದು ಈಗ ಅವನಿಗೆ ಸ್ಪಷ್ಟವಾಗಿತ್ತು. ಅದರ ಬೆಲೆಯೂ ಸ್ಪಷ್ಟವಾಗಿತ್ತು. ತುಂಬಿದ ಸಭೆಯಲ್ಲಿ ಸಿಂಹಾಸನವನ್ನು ಪರೀಕ್ಷೆಗೊಡ್ಡಿದ ಅಧಿಕಾರಿ ಪದಚ್ಯುತನಾಗತಕ್ಕದ್ದು ಎಂಬ ಶಾಸನವನ್ನು ಹಿಂದೆ ಇನ್ನೊಬ್ಬನ ಮೇಲೆ ಪ್ರಯೋಗಿಸಿದ್ದವನು ಅವನೇ.

ಅಪರಾಹ್ಣ ಸಭೆ ಸೇರಿದಾಗ ಸೋವರಸ ದಿವಂಗತ ಅರಸರ ಹೆಸರು ಕೊರೆದ ರಾಜಮುದ್ರೆಯನ್ನು ತಟ್ಟೆಯಲ್ಲಿಟ್ಟು ಸಿಂಹಾಸನದ ಮುಂದೆ ಹಿಡಿದನು.

"ಮಹಾದೇವಿಯವರು ಇದರಲ್ಲಿ ಬರೆದಿರುವುದನ್ನು ಓದಬೇಕು."

ಸಭೆ ದಂಗಾಯಿತು. ಚೆನ್ನಲದೇವಿಯ ಮುಖ ಕೆಂಪೇರಿತು. ಮುದ್ರೆಯನ್ನು ಕೈಗೆತ್ತಿಕೊಂಡಳು, ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ನಮ್ಮ ಒಡೆಯರು," ಎಂದಳು.

ಸೋವರಸ ದುಭಾಷಿಯ ಕಡೆಗಲ್ಲ, ದಳವಾಯಿಯ ಕಡೆಗೆ ತಿರುಗಿದನು. "ಬರೆದದ್ದೊಂದು, ಓದಿದ್ದೊಂದು. ಈ ನಾಲಗೆಗೂ ಅದೇ ಶಿಕ್ಷೆಯೇ, ದಳವಾಯಿಗಳೆ?"

ಗುಮ್ಮಟನಾಯಕ ತಡವರಿಸಿದನು. "ಅರಸರು ಸ್ವರ್ಗಸ್ಥರಾದರು. ಈಗ ಹೆಸರು ಹೇಳಲು ಭಯವೇಕೆ? ಇದೆಲ್ಲ ನಾಟಕ."

"ಅದು ಭಯವಲ್ಲ, ದಳವಾಯಿ." ಮಹಾರಾಣಿಯ ದನಿ ಮೆಲ್ಲಗಿತ್ತು, ಆದರೆ ಸಭೆಯ ಕೊನೆಯ ಕಂಬದವರೆಗೂ ಕೇಳಿಸಿತು. "ಸೆಟ್ಟಿಯ ಕಟ್ಟು ಬಿಚ್ಚಿರಿ. ಆ ಸುರುಳಿಯನ್ನು ಅವನೇ ಸುತ್ತಿಕೊಳ್ಳಲಿ, ಬೇರೆ ಯಾರೂ ಮುಟ್ಟಬೇಡಿ."

ದಳವಾಯಿ ಹಲ್ಲು ಕಚ್ಚಿದನು. "ಹಾಗಾದರೆ ಸಿಂಹಾಸನವನ್ನೇ ಪರೀಕ್ಷಿಸಿದ ಅಧಿಕಾರಿಯ ಗತಿಯೇನು? ಅದಕ್ಕೂ ಶಾಸನವಿದೆಯಲ್ಲ!"

"ಇದೆ," ಎಂದು ಸೋವರಸ ತನ್ನ ಅಧಿಕಾರದ ಮುದ್ರೆಯುಂಗುರವನ್ನು ಬೆರಳಿನಿಂದ ಕಳಚಿ ತಟ್ಟೆಯಲ್ಲಿಟ್ಟನು.

"ಧರ್ಮಾಧಿಕಾರಿಗಳೆ, ನಾವು ಕ್ಷಮಿಸಿದ್ದೇವೆ," ಎಂದಳು ರಾಣಿ.

"ಮಹಾದೇವಿ, ಬರೆದಂತೆ ಓದಬಾರದ ಮಾತು ಇರುವ ಹಾಗೆ ಬರೆದಂತೆಯೇ ಓದಬೇಕಾದ ಮಾತೂ ಇದೆ. ಇಂದು ನನಗಾಗಿ ಶಾಸನ ಬಗ್ಗಿದರೆ ನಾಳೆ ದಳವಾಯಿಗಳಿಗಾಗಿಯೂ ಬಗ್ಗಬೇಕಾದೀತು."

ಬರಿಗೈಯಾದ ಸೋವರಸ ಬಾಗಿಲ ಕಡೆಗೆ ನಡೆಯತೊಡಗಿದಾಗ ರಾಣಿ ಸಿಂಹಾಸನದಿಂದ ಎದ್ದು ನಿಂತಳು. ಅಧಿಕಾರವಿಲ್ಲದವನಿಗೆ ಅರಸೊತ್ತಿಗೆ ಎದ್ದು ನಿಂತದ್ದನ್ನು ಆ ಸಭೆ ಎಂದೂ ಕಂಡಿರಲಿಲ್ಲ. ಸಾಮಂತರು ಎದ್ದರು, ಓಬದ್ಯ ಸುರುಳಿಯನ್ನು ಎದೆಗವಚಿಕೊಂಡು ತಲೆಬಾಗಿದನು. ಸುತ್ತಲೂ ನೋಡಿ, ಬೇರೆ ದಾರಿ ಕಾಣದೆ, ದಳವಾಯಿಯೂ ಎದ್ದನು.