ಮೂರನೇ ಸಾಫ್ಟ್‌ವೇರ್

"ಈ ಸಾಫ್ಟ್‌ವೇರ್ ಮಾಡಿದವರಿಗೆ ಬೇರೆ ಕೆಲಸ ಇರಲಿಲ್ವಾ?"

ಅವಳು ಮೌಸನ್ನು ಮೇಜಿಗೆ ಕುಕ್ಕಿದ ಸದ್ದಿಗೆ ಗ್ರಂಥಾಲಯದ ಕಂಪ್ಯೂಟರ್ ಕೋಣೆಯಲ್ಲಿದ್ದ ಆರು ತಲೆಗಳೂ ಒಟ್ಟಿಗೆ ತಿರುಗಿದವು.

"ಇದ್ದಿದ್ರೆ ನನಗೂ ಶನಿವಾರ ರಜೆ ಸಿಕ್ತಿತ್ತು," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದಳು. ಕಿವಿಯ ಸಂದಿಯಲ್ಲಿ ಪೆನ್ಸಿಲ್, ಕೈಯಲ್ಲಿ ಉಕ್ಕಿನ ಅಳತೆಪಟ್ಟಿ. ವಾರವಿಡೀ ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿ ಅಚ್ಚುಗಳನ್ನು ಮಾಡಿ, ಶನಿವಾರ ಮಧ್ಯಾಹ್ನ ಇಲ್ಲಿ ತ್ರೀಡಿ ಪ್ರಿಂಟಿಂಗ್ ಕಲಿಸಲು ಬರುವವನು. ಏನು ಕೇಳಿದರೂ "ಎಷ್ಟು ಮಿಲಿಮೀಟರ್?" ಎಂದು ಮರುಪ್ರಶ್ನೆ ಹಾಕುತ್ತಿದ್ದ. ಹಾಗಾಗಿ ಕ್ಲಾಸಿನವರು ಅವನಿಗೆ ಮಿಲಿಮೀಟರ್ ಎಂದೇ ಹೆಸರಿಟ್ಟಿದ್ದರು.

"ಇದನ್ನ ಹಾಕ್ಕೊಳ್ಳಿ ಅಂತ ಯಾರು ಹೇಳಿದ್ರು?"

"ವಿಡಿಯೋದಲ್ಲಿ ಎಲ್ಲರೂ. ಬಿಟ್ಟಿ ಸಿಗುತ್ತೆ, ಏನು ಬೇಕಾದ್ರೂ ಮಾಡಬಹುದು ಅಂದ್ರು."

"ಮಾಡಬಹುದು. ಗೊಂಬೆ, ಮುಖ, ರಾಕ್ಷಸ... ಮಣ್ಣು ತಿದ್ದೋ ಹಾಗೆ ತಿದ್ದೋರಿಗೆ ಇದು. ನಿಮಗೇನು ಬೇಕು?"

"ಒಂದು ಹಿಡಿ. ನಮ್ಮಪ್ಪನ ಕೈಗೆ."

ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಸಂಧಿವಾತದಿಂದ ಒಳಕ್ಕೆ ಮಡಚಿಕೊಂಡ ಬೆರಳುಗಳು. ಅವನು ಬಹಳ ಹೊತ್ತು ನೋಡಿದ.

"ಕಂಪ್ಯೂಟರ್ ಎಷ್ಟು ಗೊತ್ತು ನಿಮಗೆ?"

"ಆನ್ ಮಾಡೋದು ಗೊತ್ತು. ಆಫ್ ಮಾಡೋದು ಗೊತ್ತು."

ಅವನು ಪರದೆಯ ಮೇಲೆ ಬೇರೊಂದನ್ನು ತೆರೆದ. ಬಣ್ಣಬಣ್ಣದ ಚೌಕ, ಉರುಳೆ, ಗುಂಡು. ಒಂದಕ್ಕೊಂದು ಸೇರಿಸಬೇಕು, ಬೇಡವಾದದ್ದನ್ನು ಕಳೆಯಬೇಕು, ಅಷ್ಟೇ.

"ಇದರಿಂದ ಶುರು ಮಾಡಿ. ಶಾಲೆ ಮಕ್ಕಳೂ ಒಂದು ಗಂಟೇಲಿ ಕಲೀತಾರೆ."

ಶಾಲೆ ಮಕ್ಕಳು... ಆ ಮಾತು ಅವಳಿಗೆ ನಾಟಿತು. ಅಮ್ಮ ತೀರಿಕೊಂಡ ವರ್ಷ ಹತ್ತನೇ ತರಗತಿಯಲ್ಲೇ ಶಾಲೆ ಬಿಟ್ಟು, ಅಪ್ಪನ ಟೈಲರ್ ಅಂಗಡಿಯಲ್ಲಿ ಮಿಷನ್ ತುಳಿಯಲು ಕೂತವಳು ಅವಳು.

'ಮುಖ ನೋಡಿಯೇ ನನ್ನ ಓದು ಎಷ್ಟು ಅಂತ ಅಳೆದುಬಿಟ್ಟನಲ್ಲ...'

ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು.

ಹಠಕ್ಕೆ ಕಾರಣವಿತ್ತು. ನಲವತ್ತು ವರ್ಷ ಊರಿಗೆಲ್ಲ ಅಂಗಿ ಹೊಲಿದ ಅಪ್ಪನಿಗೆ ಈಗ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವಳೇ ಹಾಕಬೇಕು. ಹಾಕುವಷ್ಟು ಹೊತ್ತೂ ಅಪ್ಪ ಗೋಡೆ ನೋಡುತ್ತಾ ನಿಂತಿರುತ್ತಿದ್ದರು.

"ಗುಂಡಿ ಬದಲು ವೆಲ್ಕ್ರೋ ಹಚ್ಚಿಕೊಡ್ಲಾ ಅಪ್ಪ?"

"ಬೇಡ ಪುಟ್ಟಿ. ಗುಂಡಿ ಇಲ್ಲದ್ದು ಅಂಗಿ ಅಲ್ಲ, ಮೂಟೆ."

ಕಾಜಾದೊಳಗೆ ತೂರಿಸಿ ಗುಂಡಿಯನ್ನು ಎಳೆದುಕೊಳ್ಳುವ ತಂತಿಯ ಕುಣಿಕೆ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಅದರ ಹಿಡಿ ಸಣ್ಣ, ಅಪ್ಪನ ಬೆರಳುಗಳಿಂದ ಜಾರಿಬಿಡುತ್ತಿತ್ತು. ಬೇರೆ ಊರಿಗೆ ಹೊರಟ ಗಿರಾಕಿಯೊಬ್ಬರು ತಮ್ಮ ತ್ರೀಡಿ ಪ್ರಿಂಟರನ್ನು ಅವಳಿಗೆ ಕೊಟ್ಟುಹೋದಾಗ, ಆ ಹಿಡಿಯನ್ನು ತಾನೇ ಮಾಡುವೆನೆಂದು ಹೊರಟಿದ್ದಳು.

ಬೇಸರದಲ್ಲೇ ಮಕ್ಕಳ ಸಾಫ್ಟ್‌ವೇರ್ ಹಿಡಿದಳು. ಅದು ಒಂದು ಗಂಟೆಯಲ್ಲಿ ಬಂದೇಬಿಟ್ಟಿತು. ಅದಕ್ಕೂ ಸಿಟ್ಟು ಬಂತು. ಉರುಳೆಯಾಕಾರದ ಹಿಡಿ ಅಚ್ಚಾಯಿತು. ಅಪ್ಪ ಹಿಡಿದರು. ಜಾರಿತು. ದಪ್ಪ ಮಾಡಿದಳು. ಬೆರಳೇ ಸುತ್ತಲಿಲ್ಲ. ಗುಂಡು, ಚೌಕ ಕೂಡಿಸಿ ಇನ್ನೊಂದು, ಮತ್ತೊಂದು... ಎರಡು ವಾರಕ್ಕೆ ಹನ್ನೊಂದು ಹಿಡಿಗಳು ಕಸದ ಡಬ್ಬಿ ಸೇರಿದವು.

"ಇದರಲ್ಲಿ ಆಗಲ್ಲ," ಎಂದಳು, ಮೂರನೇ ಶನಿವಾರ ಗ್ರಂಥಾಲಯಕ್ಕೆ ಬಂದು. "ಎಂಜಿನಿಯರ್‌ಗಳು ಬಳಸೋದನ್ನ ಕೊಡಿ."

"ಈಗ ಬೇಡ. ಅದು ನಿಮ್ಮನ್ನ ಇನ್ನೂ ಸುಸ್ತು ಮಾಡುತ್ತೆ."

"ನನ್ನ ತಲೆಗೆ ಹತ್ತಲ್ಲ ಅಂತ ನೇರವಾಗಿ ಹೇಳಿ ಸರ್."

"ನಾನು ಹಾಗೆ ಹೇಳಲೇ ಇಲ್ಲವಲ್ಲ."

"ಹೇಳದೇ ಇದ್ದದ್ದೇ ಜೋರಾಗಿ ಕೇಳಿಸ್ತಿದೆ."

ಅವನ ಮುಖ ಸಪ್ಪಗಾಯಿತು. ಅವಳು ಬರುವ ಬಾಗಿಲನ್ನೇ ಎರಡು ವಾರದಿಂದ ನೋಡುತ್ತಿದ್ದವನು ಅವನು. ಅವಳಿಗೆ ಅದು ಹೇಗೆ ತಿಳಿಯಬೇಕು?

ಮನೆಗೆ ಬಂದು ಆ ದೊಡ್ಡ ಸಾಫ್ಟ್‌ವೇರನ್ನು ತಾನೇ ಇಳಿಸಿಕೊಂಡಳು. ಹಳೇ ಕಂಪ್ಯೂಟರ್ ಮುಕ್ಕಾಲು ಗಂಟೆ ಗೊರಗುಟ್ಟಿ, ಕೊನೆಗೆ ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಕೀಲಿಮಣೆಯ ಮೇಲೆ ತಲೆಯಿಟ್ಟು ಅತ್ತಳು. ಬಾಗಿಲಲ್ಲಿ ಅಪ್ಪ ನಿಂತಿದ್ದನ್ನು ಗಮನಿಸಲಿಲ್ಲ.

ಬುಧವಾರ ಅಂಗಡಿಯ ಮುಂದೆ ಅವನೇ ಬಂದು ನಿಂತ. ಕೈಯಲ್ಲೊಂದು ಕಾಗದದ ಪೊಟ್ಟಣ.

"ಇದು... ನಿಮ್ಮಪ್ಪನಿಗೆ."

ಬಿಚ್ಚಿದಳು. ನೀಲಿ ಬಣ್ಣದ ಹಿಡಿ. ನುಣುಪಾಗಿ, ಅಚ್ಚುಕಟ್ಟಾಗಿ, ಅವಳ ಹನ್ನೊಂದು ಸೋಲುಗಳನ್ನೂ ಅಣಕಿಸುವಂತಿತ್ತು.

"ನನ್ನ ಕೈಲಿ ಆಗಲ್ಲ ಅಂತ ತೀರ್ಮಾನ ಮಾಡಿಬಿಟ್ರಾ?"

"ಹಾಗಲ್ಲ, ನಾನು..."

ಅವನ ನೋಟ ಒಳಗೆ ಕೂತಿದ್ದ ಅಪ್ಪನತ್ತ ಹೋಯಿತು. ಅಪ್ಪ ಹೇಳಬೇಡವೆಂಬಂತೆ ಮೆಲ್ಲಗೆ ತಲೆಯಲ್ಲಾಡಿಸಿದರು. ಅವನು ಬಾಯಿ ಮುಚ್ಚಿಕೊಂಡ.

"ತಗೊಂಡು ಹೋಗಿ ಸರ್. ನನಗೆ ಕರುಣೆ ಬೇಡ."

ಅವನು ಪೊಟ್ಟಣ ಮಡಚಿಕೊಂಡು ಹೊರಟುಹೋದ. ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಹಿಂದಿರುಗಿ ನೋಡಲಿಲ್ಲ. ಗೆದ್ದವಳಿಗೆ ಎದೆ ಯಾಕೆ ಹೀಗೆ ಭಾರವಾಗಬೇಕು...

"ಪುಟ್ಟಿ, ಬಾ ಇಲ್ಲಿ," ಎಂದರು ಅಪ್ಪ. "ಅವನಿಗೆ ಫೋನ್ ಮಾಡಿದ್ದು ನಾನು."

ಅವಳು ಬೀದಿಯಿಂದ ಅಪ್ಪನತ್ತ ತಿರುಗಿದಳು.

"ನಿನ್ನ ಕ್ಲಾಸಿನ ಚೀಟೀಲಿ ನಂಬರ್ ಇತ್ತು. ಒಂದು ಹಿಡಿ ಮಾಡಿಕೊಡಪ್ಪ ಅಂದೆ. ಒಪ್ಪಲಿಲ್ಲ. 'ಅವರೇ ಮಾಡ್ತಾರೆ, ಸ್ವಲ್ಪ ತಡೀರಿ' ಅಂದ. ಮೂರು ಸಲ ಗೋಗರೆದ ಮೇಲೆ ಒಪ್ಪಿದ. ಹೇಳ್ಬೇಡ ಅಂತ ಮಾತು ತಗೊಂಡಿದ್ದೆ."

"ಯಾಕಪ್ಪಾ?"

"ನನ್ನ ಗುಂಡಿಗೋಸ್ಕರ ನೀನು ಅಳೋದು ನೋಡೋಕಾಗಲಿಲ್ಲ ಕಣೇ."

ಅವರೇ ಮಾಡ್ತಾರೆ... ತನ್ನ ಬಗ್ಗೆ ಯಾರಾದರೂ ಹಾಗೆ ಅಂದದ್ದು ಅವಳಿಗೆ ನೆನಪಿರಲಿಲ್ಲ. ಆ ಮಾತು ಆಡಿದವನನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದಳು.

ಮರುದಿನ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. ಹಿಟ್ಟು ಕಲಸಿ ಅಪ್ಪನ ಅಂಗೈಗೆ ಮುದ್ದೆ ಇಟ್ಟಳು.

"ಹೇಗೆ ಬರುತ್ತೋ ಹಾಗೆ ಹಿಡ್ಕೊಳ್ಳಿ."

ಬೆರಳಿನ ಗುರುತು ಬಿದ್ದ ಮುದ್ದೆಯನ್ನು ಒಣಗಿಸಿ, ಅದರ ಬದಿಯ ಆಕಾರವನ್ನು ಕಂದು ಕಾಗದದ ಮೇಲೆ ಗೆರೆ ಎಳೆದು ಕತ್ತರಿಸಿದಳು, ತೋಳಿಗೆ ಪ್ಯಾಟರ್ನ್ ಕತ್ತರಿಸುವ ಹಾಗೆಯೇ. ಪ್ರತಿ ತಗ್ಗಿಗೂ ಅಳತೆ ಬರೆದಳು.

ಶನಿವಾರ ಅದನ್ನು ಅವನ ಮೇಜಿನ ಮೇಲಿಟ್ಟಳು.

"ಸರ್... ಅಪ್ಪ ಎಲ್ಲಾ ಹೇಳಿದ್ರು. ತಪ್ಪಾಯ್ತು."

ಅವನು ಕಾಗದವನ್ನೇ ನೋಡುತ್ತಿದ್ದ.

"ಇದನ್ನ ನೀವೇ ಮಾಡಿದ್ರಾ?"

"ಹೂಂ. ಬಟ್ಟೆಗೆ ಹೀಗೇ ಅಲ್ವಾ ಮಾಡೋದು?"

"ತಪ್ಪು ನಂದು," ಎಂದ ಅವನು ನಿಧಾನವಾಗಿ. "ಕಂಪ್ಯೂಟರ್ ಎಷ್ಟು ಗೊತ್ತು ಅಂತ ಕೇಳಿದೆ. ಬಟ್ಟೆ ಹೇಗೆ ಕತ್ತರಿಸ್ತೀರಿ ಅಂತ ಕೇಳಬೇಕಿತ್ತು. ಮಣ್ಣು ತಿದ್ದೋದೂ ನಿಮಗಲ್ಲ, ಇಟ್ಟಿಗೆ ಜೋಡಿಸೋದೂ ನಿಮಗಲ್ಲ. ನೀವು ಗೆರೆ ಎಳೆದು ಅಳತೆ ಕೊಡೋರು."

ಮೂರನೆಯದೊಂದನ್ನು ತೆರೆದ. "ನೀವು ಕೇಳಿದ್ರಲ್ಲ, ಆ ದೊಡ್ಡದರ ತಮ್ಮ ಇದು. ಬ್ರೌಸರ್‌ನಲ್ಲೇ ಓಡುತ್ತೆ, ನಿಮ್ಮಪ್ಪ ಫೋನಲ್ಲಿ ಹೇಳಿದ್ರಲ್ಲ, ಹಾಗೆ ನಿಮ್ಮ ಕಂಪ್ಯೂಟರ್ ಗೊರಗುಟ್ಟಲ್ಲ. ಕಾಗದದ ಆಕಾರ ಬರೀರಿ, ಗೆರೆಗೆ ಅಳತೆ ಹಾಕಿ, ಆಮೇಲೆ ಎತ್ತರಿಸಿ."

ಬರೆದಳು. ಇಪ್ಪತ್ತೆರಡು ಎಂದು ಕೊಟ್ಟಲ್ಲಿ ಗೆರೆ ಇಪ್ಪತ್ತೆರಡೇ ಆಯಿತು. ತಪ್ಪಿದಲ್ಲಿ ಅಂಕಿ ಬದಲಿಸಿದರೆ ಸಾಕು, ಆಕಾರವೆಲ್ಲ ಹಿಂದೆಯೇ ಹೊಂದಿಕೊಂಡಿತು. ಚಪ್ಪಟೆ ಆಕಾರ ಪರದೆಯಿಂದ ಮೇಲೆದ್ದಾಗ ಅವಳ ಕಣ್ಣು ತುಂಬಿತು.

"ಸರ್, ಇದು... ಇದು ನನಗೆ ಗೊತ್ತಿರೋ ಕೆಲಸಾನೇ."

"ಹೌದು," ಎಂದ. ಅವನ ದನಿಯೂ ಒದ್ದೆಯಾಗಿತ್ತು.

ಮುಂದಿನ ಶನಿವಾರ ಕ್ಲಾಸಿಗೆ ಮುಂಚೆ ಅವನು ಅವಳ ಮನೆಗೆ ಬಂದ. ಹಿಂದಿನ ಸಂಜೆಯೇ ಅಚ್ಚಾಗಿ ತಂತಿಯ ಕುಣಿಕೆ ಕೂಡಿಸಿದ್ದ ಹಿಡಿಯನ್ನು ಅಪ್ಪ ಅಂಗೈಗೆ ತಗೊಂಡರು. ಮೊದಲ ಗುಂಡಿಗೆ ನಾಲ್ಕು ನಿಮಿಷ ಹಿಡಿಯಿತು. ಅವಳೂ ಅವನೂ ನೆರವಿಗೆ ಕೈ ಚಾಚದೆ ನಿಂತಿದ್ದರು. ಐದನೆಯದು ಕಾಜಾ ದಾಟಿದಾಗ ಅಪ್ಪ ಯಾರ ಮುಖವನ್ನೂ ನೋಡಲಿಲ್ಲ.

"ಸ್ವಲ್ಪ ಓಡಾಡಿಕೊಂಡು ಬರ್ತೀನಿ," ಎಂದು ಚಪ್ಪಲಿ ಮೆಟ್ಟಿ ಹೊರಟರು.

"ಇನ್ನು ನಿಮಗೆ ಕ್ಲಾಸಿಗೆ ಬರೋ ಅಗತ್ಯ ಇಲ್ಲ," ಎಂದ ಅವನು, ನೆಲ ನೋಡುತ್ತಾ.

"ಬರಬಾರದು ಅಂತಾನಾ?"

"ಅಗತ್ಯ ಇಲ್ಲದಿದ್ರೂ ಬನ್ನಿ ಅಂತ. ಅವತ್ತು ನಾನು ಅಂಗಡಿಗೆ ಬಂದದ್ದು ನಿಮ್ಮಪ್ಪ ಕೇಳಿದ್ರು ಅಂತ ಮಾತ್ರ ಅಲ್ಲ. ಶನಿವಾರದವರೆಗೂ ಕಾಯೋಕಾಗಲಿಲ್ಲ."

"ಅವತ್ತೇ ಹೇಳಬಹುದಿತ್ತಲ್ಲ?"

"ನೀವು ಮಾತಾಡೋಕೆ ಬಿಟ್ರೆ ತಾನೇ?"

ಅವಳು ನಕ್ಕಳು. ತಿಂಗಳ ಮೇಲೆ ಮೊದಲ ಬಾರಿಗೆ ನಕ್ಕಳು.

"ನಾಳೆ ಬರ್ತೀರಾ?" ಎಂದು ಕೇಳಿದ.

"ನಾಳೆ ಭಾನುವಾರ. ಗ್ರಂಥಾಲಯ ಇರಲ್ಲ, ಕ್ಲಾಸೂ ಇರಲ್ಲ."

"ಗೊತ್ತು. ಅದಕ್ಕೇ ಕೇಳಿದ್ದು."

ಅವಳು ಹತ್ತಿರ ಬಂದು ಅವನ ಕೈ ಹಿಡಿದಳು.

"ಬರ್ತೀನಿ. ಆದ್ರೆ ಇನ್ಮೇಲೆ ನನ್ನನ್ನ 'ನೀವು' ಅನ್ನಬೇಡ."

"ಮತ್ತೆ?"

"ನಾನೇನು ಅಂದೆ ಈಗ, ಕೇಳಿಸಲಿಲ್ವಾ ನಿನಗೆ?"