ಮಗಳ ತಲೆಯ ಮೇಲಿನ ಕೈ

"ಮೊದಲ ಆ ಊರಿಗೆ ಹೋಗಿ ಆಣಿ ಬಿಡಿಸ್ಕೊಂಡು ಬಾ. ಹಾರ ಆಮ್ಯಾಲೆ ಹಾಕಿಸ್ಕೊಳ್ಳೂವಂತಿ" ಎಂದು ಸಾವಿತ್ರೆವ್ವ ಧರಮಪೇಠದ ಮನೆಯ ಬಾಗಿಲಲ್ಲೇ ಮಗನನ್ನು ತಡೆದಳು.

ಮಗ ರಾಮಲಿಂಗಪ್ಪ ಆ ವರ್ಷವಷ್ಟೇ ಮಂತ್ರಿಯಾಗಿದ್ದ. ಎಂಬತ್ಮೂರರ ಚಳಿಗಾಲದ ಅಧಿವೇಶನಕ್ಕೆಂದು ಮುಂಬಯಿಯಿಂದ ನಾಗಪುರಕ್ಕೆ ಬಂದವನ ಕೊರಳ ತುಂಬ ಚೆಂಡುಹೂವು. ಉಮರೇಡಿನ ಹತ್ತಿರದ ಹಳ್ಳಿಯೊಂದನ್ನು ಕಲ್ಲಿದ್ದಲು ಗಣಿಗೆ ಬಿಟ್ಟುಕೊಡುವ ಆದೇಶಕ್ಕೆ ಅವನೇ ಸಹಿ ಹಾಕಿದ್ದ. ಚುನಾವಣೆಯಲ್ಲಿ ಅದೇ ಹಳ್ಳಿಯ ಮುಂದೆ ನಿಂತು, ಮಗಳ ತಲೆಯ ಮೇಲೆ ಹವಳದುಂಗುರದ ಕೈಯಿಟ್ಟು, "ನಿಮ್ಮ ಊರಿಗೆ ಗುದ್ದಲಿ ತಾಗಗೊಡೆನು" ಎಂದು ಆಣೆ ಮಾಡಿದವನೂ ಅವನೇ.

"ಮಾತು ಉಳಿಸ್ಕೊಳ್ಳಾಕ ಆಗಲಿಲ್ಲಂದ್ರ ಆಣಿ ಮಾಡಿಸ್ಕೊಂಡವ್ರ ಮುಂದ ಕೈ ಚಾಚಬೇಕು. ಅವ್ರು ನೀರು ಹಾಕಿ 'ಬಿಟ್ಟೆ' ಅನಬೇಕು. ಇಲ್ಲಂದ್ರ ಆ ಕೈ ಕೂಸಿನ ತಲಿ ಮ್ಯಾಲಿಂದ ಏಳಂಗಿಲ್ಲೋ."

ರಾಮಲಿಂಗಪ್ಪ ನಕ್ಕ. "ಅವ್ವಾ, ಆಣಿ ಅಂದ್ರ ಭಾಷಣದಾಗಿನ ಉಪ್ಪಿನಕಾಯಿ. ಅದಕ್ಕ ಹೆದರಿದ್ರ ರಾಜಕಾರಣ ಮಾಡಿದಂಗ ಆತು."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಇತವಾರಿ ಪೇಟೆಯ ಕಾಳುಕಡಿ ವ್ಯಾಪಾರಿಯ ಮಗ ಮಂತ್ರಿಗಿರಿಯವರೆಗೆ ಏರಿದ್ದೇ ಆ ಉಪ್ಪಿನಕಾಯಿಯಿಂದ. ಮಗಳು ನೀಲಾಂಬಿಕಾ ಅಂಬೆಗಾಲಿಡುವಾಗಲೇ ತಾಯಿಯನ್ನು ಕಳೆದುಕೊಂಡಿದ್ದಳು. ಪ್ರತಿ ಸಭೆಯ ಕೊನೆಗೆ ಅವಳನ್ನು ವೇದಿಕೆಗೆ ಎತ್ತಿಕೊಂಡು ಬಂದು, "ಈ ತಾಯಿಯಿಲ್ಲದ ಕೂಸಿನ ಆಣೆ" ಎನ್ನುತ್ತಿದ್ದ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗಿ ಬೆಳೆದಳು, ಸಭೆಗಳೂ ಬೆಳೆದವು. ಅವನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲವೇ? ಜೀವವೇ ಅವಳಾಗಿದ್ದಳು. ಅವನ ದುರ್ದೈವವೂ ಅದೇ.

ಮರುದಿನ ಊಟಕ್ಕೆ ಕುಳಿತಾಗ ನೀಲಾ ಕತ್ತು ಬಗ್ಗಿಸಿಕೊಂಡೇ ಇದ್ದಳು.

"ಅಪ್ಪಾ, ತಲಿ ಭಾಳ ಜಡ ಆಗೇತಿ. ಬರೋಬರ್ ನೆತ್ತಿ ಮ್ಯಾಲೆ ಯಾರೋ ಕೈ ಇಟ್ಟಾರ."

ಡಾಕ್ಟರುಗಳು ಬಂದರು, ಏನೂ ಇಲ್ಲವೆಂದರು. ಆದರೆ ಅವಳ ಕೋಣೆಯಲ್ಲಿ ಉರಿವ ಕಲ್ಲಿದ್ದಲಿಗೆ ನೀರೆರಚಿದಂಥ ಕಮಟು ವಾಸನೆ ಎದ್ದಿತು. ಕಿಟಕಿ ತೆರೆದರೂ ಹೋಗಲಿಲ್ಲ. ದಿನ ಕಳೆದಂತೆ ಹುಡುಗಿಯ ತಲೆ ದಿಂಬಿನೊಳಗೆ ಇಳಿಯತೊಡಗಿತು. "ಇನ್ನೊಂದು ಕೈ ಬಂತು" ಎನ್ನುತ್ತಿದ್ದಳು. "ಮತ್ತೊಂದು." ಅಧಿವೇಶನದಲ್ಲಿ ಉತ್ತರ ಹೇಳುತ್ತಿದ್ದ ಮಂತ್ರಿ ಅರ್ಧದಲ್ಲೇ ಮಾತು ನಿಲ್ಲಿಸಿ ಹೊರಬಿದ್ದ. ಕೆಂಪು ದೀಪದ ಕಾರು ಉಮರೇಡಿನ ಕಡೆ ಓಡಿತು.

ಊರು ಇರಬೇಕಾದಲ್ಲಿ ಕಪ್ಪು ಹೊಂಡವಿತ್ತು. ಅದರಂಚಿನ ತಗಡಿನ ಗುಡಿಸಲಲ್ಲಿ ಠಕೂಬಾಯಿ ಎಂಬ ಮುದುಕಿ ಕುಳಿತಿದ್ದಳು. ಅಂದು ಊರ ಪರವಾಗಿ ಆಣೆ ಮಾಡಿಸಿಕೊಂಡವಳು ಅವಳು; ಮಾಟ ಬಲ್ಲವಳೆಂದು ಸುತ್ತೆಲ್ಲ ಹೆಸರಿತ್ತು. ರಾಮಲಿಂಗಪ್ಪ ಮಸಿಯಲ್ಲೇ ಮೊಣಕಾಲೂರಿ ಬಲಗೈ ಚಾಚಿದ.

"ನೀರು ಹಾಕು ತಾಯಿ. ಬಿಟ್ಟೆ ಅನ್ನು. ಏನು ಬೇಕಾದರೂ ಕೇಳು."

ಮುದುಕಿ ಸೊಂಟದ ಸಂಚಿಯಿಂದ ಒಂದು ಕೆಂಪು ರಿಬ್ಬನ್ನು ತೆಗೆದಳು. ಆಣೆಯ ದಿನ ನೀಲಾಳ ಜಡೆಯಿಂದ ಬಿದ್ದದ್ದು. ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು: "ಮನೆ ಬಿದ್ದ ದಿನ ಇದಕ್ಕೆ ಸುಡುಗಾಡಿನ ಬೂದಿ ಹಚ್ಚಿ ಗಂಟು ಹಾಕಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ನೀನು ಆಣೆ ಮಾಡಿದಂದು ಬಿಸಿಲಲ್ಲಿ ನಿನ್ನ ಮಗಳು ನನಗೆ ತನ್ನ ಲೋಟದ ನೀರು ಕೊಟ್ಟಿದ್ದಳು. ನೆನಪಾಗಿ ಅದೇ ಸಂಜೆ ಬಿಚ್ಚಿದೆ. ನೋಡು, ಗಂಟಿಲ್ಲ. ನನ್ನ ಊರಿನ ಆಣೆ ಎಂದೋ ಬಿಟ್ಟಾಯಿತು."

"ಹಾಗಾದರೆ ನನ್ನ ಮಗಳು?"

"ನನ್ನೂರಿಗೆ ಮಾಡಿದ್ದು ಒಂದೇ ಆಣೆಯಪ್ಪಾ. ನೀನು ಇನ್ನೆಷ್ಟು ಊರಲ್ಲಿ ಮಾಡಿದ್ದೆ?"

ರಾಮಲಿಂಗಪ್ಪ ನೆನಪಿಸಿಕೊಳ್ಳಲು ನೋಡಿದ. ಕಾಲುವೆ ತರುವೆನೆಂದ ಊರು. ಆಸ್ಪತ್ರೆ ಕಟ್ಟಿಸುವೆನೆಂದ ಊರು. ಗಿರಣಿ ಮುಚ್ಚಗೊಡೆನೆಂದ ಕೇರಿ. ಹೆಸರುಗಳು ಹೊಳೆಯಲಿಲ್ಲ. ಮುಖಗಳಂತೂ ಮೊದಲೇ ಇರಲಿಲ್ಲ. ಅವನು ಹೊಂಡದ ಅಂಚಿನಲ್ಲಿ ಕುಳಿತು ಹೋ ಎಂದು ಅತ್ತ.

ಮನೆ ಮುಟ್ಟಿದಾಗ ಮುಸ್ಸಂಜೆ. ಕರೆಂಟು ಹೋಗಿತ್ತು. ಕೋಣೆಯಲ್ಲಿ ಕತ್ತಲು, ಅದೇ ಕಮಟು. ಸಾವಿತ್ರೆವ್ವ ಮೂಲೆಗೆ ಸರಿದು ಕುಳಿತಿದ್ದಳು.

"ಅಪ್ಪಾ... ಭಾರ..."

ಮಗಳ ನೆತ್ತಿಯತ್ತ ಅವನು ಕೈ ಒಯ್ದ. ಕೂದಲು ಸಿಗಲಿಲ್ಲ. ಬೆರಳು ಸಿಕ್ಕವು. ತಣ್ಣನೆಯ ಬೆರಳು. ತಡವಿದ. ಉಂಗುರ. ಅದರ ಹವಳ. ಅಂಚು ಒಡೆದ ಹವಳ. ಅವನದೇ ಉಂಗುರ. ಅದರ ಕೆಳಗೆ ಇನ್ನೊಂದು ಕೈ. ಅದಕ್ಕೂ ಅದೇ ಉಂಗುರ. ಅದರ ಕೆಳಗೂ. ಎಲ್ಲವೂ ಅವನ ಕೈಗಳೇ! ಕಿತ್ತ. ಬರಲಿಲ್ಲ. ಉಗುರು ಮುರಿಯುವಂತೆ ಕಿತ್ತ. ಅಲುಗಲಿಲ್ಲ.

"ಅಪ್ಪಾ, ನಾ ಸಾಯ್ತೀನೇನು?"

ಅವನ ಕೈ ಆ ಕೈಗಳ ಮೇಲೆ ತಾನಾಗಿಯೇ ಕುಳಿತಿತು. ಬಾಯಿ ತಾನಾಗಿಯೇ ಆಡಿತು.

"ಇಲ್ಲವ್ವಾ! ನಿನ್ನಾಣಿ ಐತಿ, ನಿನಗೇನೂ ಆಗಗೊಡಂಗಿಲ್ಲ!"

"ಕೈ ತಗಿಯೋ!" ಎಂದು ಸಾವಿತ್ರೆವ್ವ ಚೀರಿದಳು.

ದಿಂಬಿನೊಳಗೆ ಏನೋ ಸಣ್ಣಗೆ ಲಟಕ್ಕೆಂದಿತು. ಅಷ್ಟೇ. ಕಮಟು ವಾಸನೆ ಇಳಿಯಿತು. ಕೈಯಡಿಯಲ್ಲಿ ಈಗ ಬರೀ ಕೂದಲಿತ್ತು, ಮೆತ್ತಗೆ, ಇನ್ನೂ ಬೆಚ್ಚಗೆ. ಆ ಬಾಯಿಯಿಂದ ಬಂದ ಆಣೆಗಳಲ್ಲಿ ಮನಸಾರೆ ಮಾಡಿದ್ದು ಅದೊಂದೇ.

ಬಹಳ ಹೊತ್ತಿನ ಮೇಲೆ ಸಾವಿತ್ರೆವ್ವ ಚರಿಗೆಯಲ್ಲಿ ನೀರು ತಂದಳು. ರಾಮಲಿಂಗಪ್ಪ ಮಗಳ ಮುಂದೆ ಮೊಣಕಾಲೂರಿ ಬಲಗೈ ಚಾಚಿದ. ಅಜ್ಜಿ ಮೊಮ್ಮಗಳ ಪುಟ್ಟ ಬೊಗಸೆ ತುಂಬಿಸಿ ಅದರಿಂದಲೇ ಮಗನ ಕೈಮೇಲೆ ನೀರು ಬಿಟ್ಟಳು. ನೀರು ಬೆರಳ ಸಂದಿಯಿಂದ ನೆಲಕ್ಕೆ ತೊಟ್ಟಿಕ್ಕಿತು.

ಇಬ್ಬರೂ ಹುಡುಗಿಯ ಉಸಿರಿಲ್ಲದ ತುಟಿಯನ್ನೇ ನೋಡುತ್ತ ಕುಳಿತರು. ಬಿಟ್ಟೆ ಎನ್ನಬೇಕಾದವಳು ಅವಳೊಬ್ಬಳೇ.